ಮಗಳಿಲ್ಲದ ಕಥೆ: ರೇಣುಕೋಪಾಖ್ಯಾನದ ಒಂದು ಪರಿಶೀಲನೆ

ಸೊರಬ ತಾಲ್ಲೂಕಿನಲ್ಲಿ ಆನವಟ್ಟಿಗೆ ಸಮೀಪವಾಗಿರುವ ಕುಬಟೂರು ಇತಿಹಾಸಾಭ್ಯಾಸಿಗಳಿಗೆ ಅಪರಿಚಿತವಾದ ಊರಲ್ಲ. ಕೈಟಭೇಶ್ವರ ದೇವಾಲಯದಿಂದ ಅದು ಪ್ರಸಿದ್ಧವಾಗಿದೆ. ಚಂದ್ರಹಾಸನ ಕಥೆಯ ಕುಂತಳನಗರವು ಇದೇ ಎಂಬ ಐತಿಹ್ಯವೂ ಉಂಟು. ಕದಂಬ ಕೀರ್ತಿದೇವನ ರಾಣಿ ಮಾಳಲದೇವಿಯು ಇಲ್ಲಿಯ ಪಾರ್ಶ್ವದೇವ ಚೈತ್ಯಾಲಯಕ್ಕೆ ಆಶ್ರಯವಿತ್ತುದನ್ನು ಕ್ರಿ.ಶ. 1077ರ ಶಾಸನವು ತಿಳಿಸುತ್ತದೆ. ಈ ಶಾಸನವನ್ನು ವಿದ್ಯಾರ್ಥಿಗಳಿಗೆ ತೋರಿಸಲೆಂದು ನಾವು ಕುಬಟೂರಿಗೆ ಹೋಗಿದ್ದೆವು. ಹಿಂದಿರುಗುವ ಮುನ್ನ ಅದೇ ತಾಲ್ಲೂಕಿನ ಚಂದ್ರಗುತ್ತಿಯನ್ನೂ ಕಂಡೆವು. ಅಲ್ಲಿ ಗುಹಾಲಯದ ರೇಣುಕಾಂಬೆಯ ಮುಂದೆ ನಿಂತಿದ್ದಾಗ ವಿದ್ಯಾರ್ಥಿನಿಯೊಬ್ಬಳು, “ಈ ತಾಯಿಗೆ ಒಬ್ಬ ಮಗಳಿದ್ದಿದ್ದರೆ ಅವಳು ಏನು ಮಾಡುತ್ತಿದ್ದಳು?” ಎಂದು ಕೇಳಿದಳು. ಅವಳ ತಂದೆತಾಯಿಗಳು ಕೆಲವು ವರ್ಷಗಳ ಹಿಂದೆ ವಿಚ್ಛೇದನ ಪಡೆದವರು. ಅವಳು ತಂದೆಯ ಮನೆಯಲ್ಲಿ ಬೆಳೆದಳು. ತಾಯಿಯೊಡನೆ ಮಾತು ನಿಂತುಹೋಗಿದೆ. ಇಷ್ಟನ್ನು ಬರೆಯಲು ಅವಳ ಒಪ್ಪಿಗೆಯುಂಟು. ಆ ದಿನ ನಮ್ಮಲ್ಲಿ ಉತ್ತರವಿರಲಿಲ್ಲ. ಕಥೆಯನ್ನು ಮತ್ತೊಮ್ಮೆ ಓದಿದ ಮೇಲೆ ತೋರಿದ ವಿಚಾರಗಳನ್ನು ಇಲ್ಲಿ ನಿರೂಪಿಸುತ್ತೇವೆ.

ಮಹಾಭಾರತದ ವನಪರ್ವದಲ್ಲಿ ಬರುವ ಕಥೆ ಬಹು ಸಂಕ್ಷಿಪ್ತವಾದುದು. ಪ್ರಸೇನಜಿತ್ ರಾಜನ ಮಗಳಾದ ರೇಣುಕೆಯು ಜಮದಗ್ನಿಯ ಪತ್ನಿ. ಐವರು ಗಂಡುಮಕ್ಕಳ ತಾಯಿ. ಒಂದು ದಿನ ಸ್ನಾನಕ್ಕೆ ಹೋದವಳು, ಪತ್ನಿಯರೊಡನೆ ಜಲಕ್ರೀಡೆಯಾಡುತ್ತಿದ್ದ ಚಿತ್ರರಥನೆಂಬ ರಾಜನನ್ನು ಕಂಡು ಮನಸೋತಳು. ಆಶ್ರಮಕ್ಕೆ ಮರಳಿದವಳನ್ನು ನೋಡಿದೊಡನೆ ಪತಿಗೆ ಅದು ತಿಳಿಯಿತು. ಅವಳನ್ನು ಕೊಲ್ಲಬೇಕೆಂದು ಅವನು ಮಕ್ಕಳಿಗೆ ಒಬ್ಬೊಬ್ಬರಿಗಾಗಿ ಆಜ್ಞಾಪಿಸಿದನು. ಮೊದಲ ನಾಲ್ವರು ದಿಗ್ಭ್ರಾಂತರಾಗಿ ಮಾತಿಲ್ಲದೆ ನಿಂತರು. ತಂದೆಯ ಶಾಪದಿಂದ ಜಡರಾದರು. ಐದನೆಯವನಾದ ರಾಮನು ಕೊಡಲಿಯನ್ನೆತ್ತಿದನು. ಪ್ರಸನ್ನನಾದ ತಂದೆಯಿಂದ ಅವನು ಪಡೆದ ವರಗಳು ಗಮನಾರ್ಹವಾಗಿವೆ: ತಾಯಿ ಬದುಕಬೇಕು, ತನ್ನನ್ನು ಕೊಂದುದು ಅವಳ ನೆನಪಿನಲ್ಲಿರಬಾರದು, ತನಗೆ ಆ ಪಾಪ ತಟ್ಟಬಾರದು, ಸೋದರರು ಮೊದಲಿನಂತಾಗಬೇಕು, ಯುದ್ಧದಲ್ಲಿ ತನಗೆ ಸಮಾನರಿರಬಾರದು, ದೀರ್ಘಾಯುಸ್ಸು ಬೇಕು.

ಪಿತೃವಾಕ್ಯಪರಿಪಾಲನೆಗೆ ಇದು ಪರಮ ನಿದರ್ಶನವೆಂದು ಸಾಮಾನ್ಯವಾಗಿ ಹೇಳುವುದುಂಟು. ತಂದೆಯ ತಪಶ್ಶಕ್ತಿಯನ್ನು ಬಲ್ಲವನಾದುದರಿಂದ, ತಾಯಿಯನ್ನು ಮತ್ತೆ ಬದುಕಿಸಬಹುದೆಂಬ ಭರವಸೆಯಿಂದಲೇ ಮಗನು ಕೊಡಲಿಯೆತ್ತಿದನೆಂದು ಸಮಾಧಾನವನ್ನೂ ಹೇಳುತ್ತಾರೆ. ಈ ಸಮಾಧಾನವು ನಮಗೆ ಒಪ್ಪಿಗೆಯಾಗುವುದಿಲ್ಲ. ತಾಯಿ ಬದುಕಿದರೆ ಸಾಕೆಂದಿದ್ದರೆ ಎರಡನೆಯ ವರದ ಅಗತ್ಯವೇನಿತ್ತು? ಜೀವ ಬಂದ ಮಾತ್ರಕ್ಕೆ ಬಾಂಧವ್ಯವು ಹಿಂದಿರುಗುವುದಿಲ್ಲವೆಂಬುದನ್ನು ಕಥೆಯೇ ಒಪ್ಪಿಕೊಳ್ಳುತ್ತದೆ. ಆದುದರಿಂದಲೇ ಮರೆವನ್ನು ಬೇಡುತ್ತದೆ. ಆ ಮರೆವು ತಾಯಿಗೆ ಮಾತ್ರ ದೊರೆಯಿತೆಂಬುದು ಇನ್ನೂ ಮುಖ್ಯವಾದ ಸಂಗತಿ. ಮಗನಿಗೆ ಪಾಪವಿಲ್ಲ, ಆದರೆ ನೆನಪುಂಟು. ತಾಯಿಗೆ ನೆನಪಿಲ್ಲ, ತನ್ನ ಮೇಲೆ ಹೊರಿಸಿದ ದೋಷಕ್ಕೆ ಉತ್ತರ ಕೊಡುವ ಅವಕಾಶವೂ ಇಲ್ಲ. ಮುಂದೆ ಕಾರ್ತವೀರ್ಯನು ಆಶ್ರಮಕ್ಕೆ ಬಂದಾಗ ಋಷಿಪತ್ನಿಯು ಅವನನ್ನು ಸತ್ಕರಿಸಿದಳೆಂದು ಕವಿ ಹೇಳುತ್ತಾನೆ. ಸಂಸಾರವು ಏನೂ ನಡೆಯದಂತೆ ಸಾಗಿತು. ಇಡೀ ಪ್ರಕರಣದಲ್ಲಿ ತಾಯಿಗೂ ಮಕ್ಕಳಿಗೂ ನಡುವೆ ಒಂದು ಮಾತೂ ನಡೆಯುವುದಿಲ್ಲ.

ಚಂದ್ರಗುತ್ತಿಯ ಜನರ ಕಥೆ ಬೇರೆ ಜಾಡು ಹಿಡಿದಿದೆ. ಅವರ ಹೇಳಿಕೆಯಲ್ಲಿ ರೇಣುಕೆಯು ಓಡಿಬಂದು ಈ ಗುಹೆಯನ್ನು ಹೊಕ್ಕಳು. ಇಲ್ಲಿ ಅವಳು ಋಷ್ಯಾಶ್ರಮದ ಗೃಹಿಣಿಯಲ್ಲ, ಸ್ವತಂತ್ರಳಾದ ದೇವತೆ; ಮಕ್ಕಳೇ ಬೆಟ್ಟವನ್ನೇರಿ ಅವಳ ಬಳಿಗೆ ಬರಬೇಕು. ಸವದತ್ತಿಯ ಯಲ್ಲಮ್ಮನ ಭಕ್ತೆಯರಾದ ಜೋಗತಿಯರು ರಂಡಿ ಹುಣ್ಣಿಮೆಯಂದು ಬಳೆಗಳನ್ನು ಒಡೆದುಕೊಂಡು, ಮುತ್ತೈದೆ ಹುಣ್ಣಿಮೆಯಂದು ಮತ್ತೆ ತೊಡುತ್ತಾರೆ. ಮಹಾಕಾವ್ಯವು ತಾಯಿಗೆ ವಿಧಿಸಿದ ಮರೆವನ್ನು ಈ ಹೆಂಗಸರು ಒಪ್ಪಿದಂತೆ ಕಾಣುವುದಿಲ್ಲ. ಅವಳ ದುಃಖವನ್ನು ವರ್ಷವರ್ಷವೂ ತಮ್ಮ ಮೈಮೇಲೆ ತಂದುಕೊಳ್ಳುತ್ತಾರೆ. ಕಥೆಯಲ್ಲಿಲ್ಲದ ಮಗಳ ಸ್ಥಾನವನ್ನು ಆಚರಣೆಯಲ್ಲಿ ಅವರು ತುಂಬಿದ್ದಾರೆಂದು ಹೇಳಬಹುದು.

ಆದರೆ ಇದನ್ನು ವೈಭವೀಕರಿಸುವುದು ಸಲ್ಲದು. ದೇವಿಯ ಹೆಸರಿನಲ್ಲಿ ಎಷ್ಟೋ ಬಡ ಹೆಣ್ಣುಮಕ್ಕಳು ಮುತ್ತು ಕಟ್ಟಿಸಿಕೊಂಡು ಬಾಳನ್ನು ಕಳೆದುಕೊಂಡರು. ಅದನ್ನು ತಡೆಯಲು 1982ರಲ್ಲಿ ಕರ್ನಾಟಕವು ಕಾನೂನನ್ನು ಮಾಡಬೇಕಾಯಿತು. ಚಂದ್ರಗುತ್ತಿಯಲ್ಲಿಯೇ 1986ರಲ್ಲಿ ಬೆತ್ತಲೆ ಸೇವೆಯ ಕಾರಣದಿಂದ ಘರ್ಷಣೆಯಾಗಿ, ಸರ್ಕಾರವು ಆ ಸೇವೆಯನ್ನು ನಿಷೇಧಿಸಿತು. ತಾಯಿಯ ನೋವನ್ನು ಮಗಳು ತನ್ನದೆಂದು ಹೊರುವುದು ಬೇರೆ. ಆ ನೋವಿಗೆ ತನ್ನ ಬಾಳನ್ನೇ ತೆರುವುದು ಬೇರೆ. ಮಗನು ತಂದೆಯ ಪಕ್ಷವನ್ನು ಹಿಡಿದು ಕೆಟ್ಟಂತೆ, ಮಗಳು ತಾಯಿಯೊಡನೆ ಒಂದಾಗಿಬಿಟ್ಟು ಕೆಡುವುದೂ ಉಂಟು.

ಪುರಾಣದ ಕಥೆಯನ್ನು ಇಂದಿನ ಸಂಸಾರಕ್ಕೆ ಅನ್ವಯಿಸುವುದು ಕಾಲವಿರೋಧವೆಂಬ ಆಕ್ಷೇಪಣೆಯು ಬರಬಹುದು. ರೇಣುಕೆಯದು ವಿಚ್ಛೇದನವಲ್ಲ, ನಿಜ. ಆದರೆ ಮಕ್ಕಳನ್ನು ಪಕ್ಷ ಹಿಡಿಯುವಂತೆ ಕರೆಯುವ ಸನ್ನಿವೇಶವು ಹಳೆಯದಾಗಿಲ್ಲ. 1955ರ ಹಿಂದೂ ವಿವಾಹ ಕಾಯಿದೆಯು ವಿಚ್ಛೇದನಕ್ಕೆ ಅವಕಾಶವನ್ನಿತ್ತುದಲ್ಲದೆ, ಅನೇಕ ಪಂಗಡಗಳಲ್ಲಿ ರೂಢಿಯಿಂದ ಬಂದ ಬಿಡುಗಡೆಯನ್ನೂ ಉಳಿಸಿತು. ಮಕ್ಕಳ ಪಾಲನೆಯ ಪ್ರಶ್ನೆ ಬಂದಾಗ, ತಿಳಿದು ಹೇಳುವಷ್ಟು ವಯಸ್ಸಿನ ಮಗುವಿನ ಇಷ್ಟವನ್ನು ನ್ಯಾಯಾಲಯವು ಪರಿಗಣಿಸಬಹುದೆಂದು 1890ರ ಪೋಷಕ ಮತ್ತು ಪಾಲ್ಯರ ಕಾಯಿದೆಯು ಹೇಳುತ್ತದೆ. ಮಗುವಿನ ಹಿತಕ್ಕಾಗಿ ಕೇಳುವ ಪ್ರಶ್ನೆಯಿದು. ಜಮದಗ್ನಿಯ ಆಜ್ಞೆಗೆ ಇದನ್ನು ಸಮೀಕರಿಸುವುದು ಅನ್ಯಾಯ. ಆದರೂ ‘ಅಪ್ಪನ ಹತ್ತಿರ’ ಎಂದು ಒಮ್ಮೆ ಹೇಳಿದ ಮಗಳಿಗೆ ಆ ಮಾತೇ ಕೊಡಲಿಯಾಗಿ ಕಾಣಬಹುದು. ಅವಳು ಬೆಳೆದ ಮೇಲೆ ಕಾಯಿದೆಯು ಪಕ್ಕಕ್ಕೆ ಸರಿಯುತ್ತದೆ. ವೃದ್ಧರೂ ಅಶಕ್ತರೂ ಆದ ತಂದೆತಾಯಿಗಳನ್ನು ಪೋಷಿಸುವ ಹೊಣೆಯನ್ನು 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯಿದೆಯು ಮಗನಂತೆ ಮಗಳ ಮೇಲೂ ಹೊರಿಸಿದೆ. ತಾಯಿಗೆ ಅನ್ನವನ್ನು ಕೊಡಿಸಲು ಕಾನೂನಿಗೆ ಶಕ್ತಿಯುಂಟು; ಮಾತನ್ನು ಕೊಡಿಸುವ ಶಕ್ತಿಯಿಲ್ಲ.

ಇತಿಹಾಸದ ಆಧಾರಗಳು ಈ ವಿಷಯದಲ್ಲಿ ನಮಗೆ ಎಷ್ಟು ನೆರವಾಗುತ್ತವೆ? ಶ್ರವಣಬೆಳಗೊಳದ ಒಂದು ಶಾಸನದಲ್ಲಿ ಹೊಯ್ಸಳ ರಾಣಿ ಶಾಂತಲೆಯ ತಾಯಿ ಮಾಚಿಕಬ್ಬೆಯ ವಿಷಯವು ಬರುತ್ತದೆ. ಶಾಂತಲೆಯ ತಂದೆ ಮಾರಸಿಂಗಯ್ಯನು ಶೈವ, ತಾಯಿಯು ಜೈನೆ. ಮಗಳು ತಾಯಿಯ ಧರ್ಮವನ್ನು ಅನುಸರಿಸಿದಳು. 1131ರಲ್ಲಿ ಶಿವಗಂಗೆಯಲ್ಲಿ ಮಗಳು ತೀರಿಕೊಂಡ ಬಳಿಕ ಮಾಚಿಕಬ್ಬೆಯು ಬೆಳಗೊಳದಲ್ಲಿ ಒಂದು ತಿಂಗಳು ಉಪವಾಸವಿದ್ದು ಸಲ್ಲೇಖನದಿಂದ ದೇಹವನ್ನು ಬಿಟ್ಟಳು. ತಾಯಿ ಮಗಳ ಬಾಂಧವ್ಯಕ್ಕೆ ಇದಕ್ಕಿಂತ ಗಂಭೀರವಾದ ಸಾಕ್ಷ್ಯವು ದುರ್ಲಭ. ಆದರೆ ಕಲ್ಲಿನಲ್ಲಿ ಬರೆಯಿಸುವವರು ಕೀರ್ತಿಯನ್ನು ಬರೆಯಿಸುತ್ತಾರೆ, ಮನಸ್ತಾಪವನ್ನಲ್ಲ. ಕುಬಟೂರಿನ ಶಾಸನದಿಂದ ಮಾಳಲದೇವಿಯ ಧರ್ಮಶ್ರದ್ಧೆ ತಿಳಿಯುತ್ತದೆ. ಅವಳ ಮನೆಯ ಸುಖದುಃಖಗಳನ್ನು ತಿಳಿಸುವುದು ಅದರ ಉದ್ದೇಶವಲ್ಲ. ಶಾಸನಗಳಲ್ಲಿ ಕಾಣದ ವಿರಸವು ಆ ಕಾಲದಲ್ಲಿ ಇರಲಿಲ್ಲವೆಂದು ತೀರ್ಮಾನಿಸಿದರೆ ನಾವು ತಪ್ಪುತ್ತೇವೆ. ಅಂತಹ ವಿರಸವನ್ನು ಅರಸಬೇಕಾದುದು ಐತಿಹ್ಯಗಳಲ್ಲಿ, ಅವುಗಳ ಬಿಟ್ಟ ಸ್ಥಳಗಳಲ್ಲಿ.

ರೇಣುಕೋಪಾಖ್ಯಾನದಲ್ಲಿ ಹಾಗೆ ಬಿಟ್ಟಿರುವ ಸ್ಥಳವು ಮಗಳದೆಂದು ನಮ್ಮ ಅಭಿಪ್ರಾಯ. ಮಗಳಿದ್ದಿದ್ದರೆ ಅವಳೂ ನಾಲ್ವರು ಅಣ್ಣಂದಿರಂತೆ ಮೂಕಳಾಗಿ ನಿಲ್ಲುತ್ತಿದ್ದಳೋ ಏನೋ. ಅದನ್ನು ಊಹಿಸುವುದು ನಮ್ಮ ಕೆಲಸವಲ್ಲ. ಅವಳು ಯಾವ ವರವನ್ನು ಬೇಡುತ್ತಿದ್ದಳೆಂಬುದೇ ವಿಚಾರಿಸಬೇಕಾದ ಪ್ರಶ್ನೆ. ಈ ಲೇಖನದ ಕರಡನ್ನು ಓದಿದ ಆ ವಿದ್ಯಾರ್ಥಿನಿಯು ಅಂಚಿನಲ್ಲಿ ಹೀಗೆ ಬರೆದಿದ್ದಳು: “ಅಮ್ಮ ಮರೆಯಲಿ ಎಂದು ನಾನು ಕೇಳುತ್ತಿರಲಿಲ್ಲ. ಅವಳಿಗೂ ನೆನಪಿರಲಿ, ನನಗೂ ಇರಲಿ. ಒಂದು ಸಲ ಅವಳ ಬಾಯಿಂದ ಕೇಳುವಷ್ಟು ಧೈರ್ಯ ಬರಲಿ ಎಂದು ಕೇಳುತ್ತಿದ್ದೆ.” ಈ ವಾಕ್ಯಕ್ಕೆ ನಾವು ಸೇರಿಸಬೇಕಾದುದು ಏನೂ ಇಲ್ಲ. ಈ ಸಲದ ರಜೆಗೆ ಅವಳು ತಾಯಿಯ ಊರಿಗೆ ಹೊರಟಿದ್ದಾಳೆ.