ಅಡಿಟಿಪ್ಪಣಿಯಲ್ಲಿ ಉಳಿದ ಮತದಾರ

ಗುರುಮಠದಲ್ಲಿ ತತ್ವಶಾಸ್ತ್ರ ಕಲಿಯುತ್ತಿದ್ದ ದಿನಗಳಲ್ಲಿ ನಮ್ಮ ಪ್ರಾಧ್ಯಾಪಕರಾಗಿದ್ದ ಹಿರಿಯ ಗುರುಗಳು ಅಲೆಕ್ಸಿ ದ ತೋಕ್ವಿಲ್‌ನ 'ಅಮೆರಿಕದಲ್ಲಿ ಪ್ರಜಾಪ್ರಭುತ್ವ' ಎಂಬ ಗ್ರಂಥವನ್ನು ಓದಲೇಬೇಕೆಂದು ಕಟ್ಟುನಿಟ್ಟಾಗಿ ಹೇಳಿದ್ದರು. ಅಂದು ನಾನು ಸೀಸದಕಡ್ಡಿಯಿಂದ ಗೆರೆ ಎಳೆದು ಓದಿದ ಪ್ರತಿ ಇಂದಿಗೂ ನನ್ನ ಬಳಿ ಇದೆ. ಮೊದಲ ಸಂಪುಟದ ಐದನೆಯ ಅಧ್ಯಾಯದಲ್ಲಿ ಗೆರೆ ಇಲ್ಲದ ಪುಟವೇ ಇಲ್ಲವೆನ್ನಬಹುದು. ಆಮೇಲಿನ ಒಂದು ಅಡಿಟಿಪ್ಪಣಿಯ ಬಳಿ ಮಾತ್ರ ಒಂದು ಗುರುತೂ ಇಲ್ಲ. ಈ ಲೇಖನ ಆ ಗುರುತಿಲ್ಲದ ಪುಟವನ್ನು ಕುರಿತದ್ದು.

ತೋಕ್ವಿಲ್ ಫ್ರಾನ್ಸಿನ ಕಥೋಲಿಕ ಶ್ರೀಮಂತ ಮನೆತನದವನು. ಸೆರೆಮನೆಗಳ ಅಧ್ಯಯನಕ್ಕೆಂದು 1831ರಲ್ಲಿ, ಇಪ್ಪತ್ತೈದರ ಹರೆಯದಲ್ಲಿ, ಗೆಳೆಯ ಬೋಮೋನ ಜೊತೆ ಅಮೆರಿಕಕ್ಕೆ ಹೋಗಿ ಒಂಬತ್ತು ತಿಂಗಳು ಸುತ್ತಾಡಿದ. ಗ್ರಂಥದ ಮೊದಲ ಸಂಪುಟ 1835ರಲ್ಲಿ, ಎರಡನೆಯದು 1840ರಲ್ಲಿ ಪ್ರಕಟವಾದವು. ಅಧ್ಯಕ್ಷರಿಗಿಂತ, ಸಂಸತ್ತಿಗಿಂತ ಮೊದಲು ಅವನು ನೋಡಲು ಹೋದದ್ದು ಊರಿನ ಆಡಳಿತವನ್ನು. ನ್ಯೂ ಇಂಗ್ಲೆಂಡಿನ ಎರಡು ಮೂರು ಸಾವಿರ ಜನರ ಊರುಗಳಲ್ಲಿ ಪ್ರತಿ ವರ್ಷ ಜನ ಸೇರಿ ತಮ್ಮ ಅಧಿಕಾರಿಗಳನ್ನು ತಾವೇ ಆರಿಸುವುದನ್ನು ಕಂಡು ಬೆರಗಾದ. ರಸ್ತೆ, ಶಾಲೆ, ಬಡವರ ಪೋಷಣೆ, ತೆರಿಗೆ ಎಲ್ಲಕ್ಕೂ ಊರಿನವರೇ ಹೊಣೆ. ಸ್ವಾತಂತ್ರ್ಯವನ್ನು ಬಳಸುವ ಅಭ್ಯಾಸ ಮನುಷ್ಯನಿಗೆ ಹತ್ತುವುದು ರಾಜಧಾನಿಯಲ್ಲಲ್ಲ, ಇಂಥ ಸಣ್ಣ ಸಭೆಗಳಲ್ಲಿ ಎಂಬುದು ಅವನ ವಾದ. ಈ ಮಾತು ಇಂದಿಗೂ ನನಗೆ ಸತ್ಯವೆಂದೇ ತೋರುತ್ತದೆ.

ಊರಿನ ಮೇಲಿನ ಹಂತವಾದ ಕೌಂಟಿಯ ಬಗ್ಗೆ ಅವನಿಗೆ ಅಷ್ಟು ಉತ್ಸಾಹವಿಲ್ಲ. ಕೌಂಟಿಯೆಂದರೆ ಸ್ಥೂಲವಾಗಿ ನಮ್ಮ ಜಿಲ್ಲೆಯಂಥದು ಎನ್ನೋಣ, ಆದರೆ ಹೋಲಿಕೆಯನ್ನು ಬಹಳ ದೂರ ಎಳೆಯಬಾರದು. ಅಲ್ಲಿ ಪೊಲೀಸ್ ಮುಖ್ಯಸ್ಥನಾದ ಶೆರಿಫ್‌ನನ್ನು ಸರ್ಕಾರ ನೇಮಿಸುವುದಿಲ್ಲ. ಬಹುತೇಕ ರಾಜ್ಯಗಳಲ್ಲಿ ಅವನನ್ನು ಜನರೇ ಆರಿಸುತ್ತಾರೆ. ತೆರಿಗೆ ನಿರ್ಧರಿಸುವವನು, ದಾಖಲೆ ಇಡುವವನು, ಅಸಹಜ ಸಾವುಗಳ ವಿಚಾರಣೆ ನಡೆಸುವ ಕರೋನರ್ ಕೂಡ ಅನೇಕ ಕಡೆ ಚುನಾಯಿತರೇ. ಇಂದು ಆ ದೇಶದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಕೌಂಟಿಗಳಿವೆ. ಲಾಸ್ ಏಂಜಲೀಸ್ ಕೌಂಟಿಯಲ್ಲಿ ಸುಮಾರು ಒಂದು ಕೋಟಿ ಜನರಿದ್ದರೆ, ಟೆಕ್ಸಾಸಿನ ಲವಿಂಗ್ ಕೌಂಟಿಯಲ್ಲಿ 2020ರ ಜನಗಣತಿಯಂತೆ ಇದ್ದವರು 64 ಮಂದಿ. ಅವರಿಗೂ ಒಬ್ಬ ಶೆರಿಫ್ ಇದ್ದಾನೆ! ದಕ್ಷಿಣಕ್ಕೆ ಹೋದಂತೆ ಊರಸಭೆಯ ಬಲ ಕುಗ್ಗಿ ಕೌಂಟಿಯೇ ಆಡಳಿತದ ಕೇಂದ್ರವಾಗುತ್ತದೆ ಎಂಬುದನ್ನು ತೋಕ್ವಿಲ್ ಗುರುತಿಸಿದ್ದ. ಗುರುತಿಸಿದ, ಆದರೆ ಅಲ್ಲಿ ನಿಂತು ನೋಡಲಿಲ್ಲ.

ಈಗ ಆ ಅಡಿಟಿಪ್ಪಣಿಗೆ ಬರೋಣ. ಬಹುಮತದ ದಬ್ಬಾಳಿಕೆಯನ್ನು ಚರ್ಚಿಸುವ ಅಧ್ಯಾಯದಲ್ಲಿ, ಪುಟದ ಕೆಳಗೆ, ಸಣ್ಣ ಅಕ್ಷರಗಳಲ್ಲಿ ಒಂದು ಸಂಭಾಷಣೆ ಇದೆ. ಪೆನ್ಸಿಲ್ವೇನಿಯದ ಒಬ್ಬ ನಿವಾಸಿಯನ್ನು ತೋಕ್ವಿಲ್ ಕೇಳುತ್ತಾನೆ: ಇಲ್ಲಿ ದಾಸ್ಯದಿಂದ ಬಿಡುಗಡೆಯಾದ ಕಪ್ಪು ಜನರಿಗೆ ಮತದ ಹಕ್ಕು ಇದೆಯೇ? ಇದೆ ಎನ್ನುತ್ತಾನೆ ಆತ. ಹಾಗಾದರೆ ಇಂದು ಮತಗಟ್ಟೆಯಲ್ಲಿ ಅವರಲ್ಲಿ ಒಬ್ಬರೂ ಏಕೆ ಕಾಣಲಿಲ್ಲ? ಅದು ಕಾನೂನಿನ ತಪ್ಪಲ್ಲ, ಅವರೇ ತಾವಾಗಿ ಬರುವುದಿಲ್ಲ ಎಂಬುದು ಉತ್ತರ. ಇನ್ನಷ್ಟು ಕೆದಕಿದಾಗ ನಿಜ ಹೊರಬೀಳುತ್ತದೆ. ಬಂದರೆ ಪೆಟ್ಟು ತಿನ್ನಬೇಕಾದೀತೆಂಬ ಭಯ ಅವರಿಗಿದೆ, ಅವರನ್ನು ಕಾಪಾಡುವ ಧೈರ್ಯ ಅಧಿಕಾರಿಗಳಿಗಿಲ್ಲ. ಮುಂದೆ 1838ರಲ್ಲಿ ಪೆನ್ಸಿಲ್ವೇನಿಯ ತನ್ನ ಸಂವಿಧಾನವನ್ನೇ ಬದಲಿಸಿ, ಕಾಗದದ ಮೇಲಿದ್ದ ಆ ಹಕ್ಕನ್ನೂ ಅಳಿಸಿತು.

ನ್ಯಾಯವಾಗಿ ಹೇಳಬೇಕೆಂದರೆ ತೋಕ್ವಿಲ್ ಕುರುಡನಲ್ಲ. ದಾಸ್ಯಪದ್ಧತಿಯ ಅನ್ಯಾಯವನ್ನು ಕುರಿತು ಮೊದಲ ಸಂಪುಟದ ಕೊನೆಯಲ್ಲಿ ಸುದೀರ್ಘವಾಗಿ ಬರೆದಿದ್ದಾನೆ. ನನ್ನ ಆಕ್ಷೇಪ ಬೇರೆ. ಊರಾಡಳಿತದ ಹೊಗಳಿಕೆ ಒಂದು ಅಧ್ಯಾಯದಲ್ಲಿ, ಜನಾಂಗದ ನೋವು ಮತ್ತೊಂದು ಅಧ್ಯಾಯದಲ್ಲಿ. ಎರಡನ್ನೂ ಒಂದೇ ಮತಗಟ್ಟೆಯ ಬಾಗಿಲಲ್ಲಿ ನಿಲ್ಲಿಸಿದ ಏಕೈಕ ಸಂಭಾಷಣೆ ಮಾತ್ರ ಅಡಿಟಿಪ್ಪಣಿಗೆ ಇಳಿದಿದೆ. ಅಧಿಕಾರ ಜನರಿಗೆ ಹತ್ತಿರವಿದ್ದಷ್ಟೂ ಒಳ್ಳೆಯದು ಎನ್ನುವವನು, ಆ ಅಧಿಕಾರ ಹಿಡಿದವನು ನೆರೆಮನೆಯವನೇ ಆಗಿದ್ದಾಗ ಅವನ ಬೆತ್ತವೂ ಅಷ್ಟೇ ಹತ್ತಿರವಿರುತ್ತದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಿತ್ತು.

1832ರ ಜನವರಿಯಲ್ಲಿ ಅವನು ಅಲಬಾಮ ರಾಜ್ಯವನ್ನು ಹಾದುಹೋದ, ಮಾಂಟ್‌ಗೊಮರಿಯಲ್ಲಿ ತಂಗಿದ. ಅದರ ನೆರೆಯಲ್ಲೇ ಲೌಂಡ್ಸ್ ಕೌಂಟಿ ಇದೆ. ಅಡಿಟಿಪ್ಪಣಿ ಹೇಗೆ ಬೆಳೆದು ಒಂದು ಕೌಂಟಿಯಾಗಬಲ್ಲದು ಎಂಬುದನ್ನು ನೋಡಬೇಕಾದರೆ 1965ರ ಲೌಂಡ್ಸ್‌ಗೆ ಹೋಗಬೇಕು. ಅಲ್ಲಿನ ನೂರಕ್ಕೆ ಸುಮಾರು ಎಂಬತ್ತು ಜನ ಕಪ್ಪು ವರ್ಣೀಯರು. ಆ ವರ್ಷದ ಆರಂಭದಲ್ಲಿ ಮತದಾರರ ಪಟ್ಟಿಯಲ್ಲಿದ್ದ ಕಪ್ಪು ವರ್ಣೀಯರ ಸಂಖ್ಯೆ ಸೊನ್ನೆ. ಚುನಾವಣೆಗಳು ಮಾತ್ರ ಕ್ರಮವಾಗಿ ನಡೆಯುತ್ತಿದ್ದವು, ಶೆರಿಫ್ ಕ್ರಮವಾಗಿ ಗೆಲ್ಲುತ್ತಿದ್ದ.

ಆ ಆಗಸ್ಟ್ ತಿಂಗಳಲ್ಲಿ ಪ್ರತಿಭಟನೆಗೆಂದು ಬಂದವರನ್ನು ಬಂಧಿಸಿ, ಕಸದ ಲಾರಿಯಲ್ಲಿ ಹೇರಿ, ಹೇನ್‌ವಿಲ್‌ನ ಕೌಂಟಿ ಸೆರೆಮನೆಗೆ ಸಾಗಿಸಲಾಯಿತು. ಅವರಲ್ಲಿ ಎಪಿಸ್ಕೋಪಲ್ ಸಭೆಯ ಗುರು ವಿದ್ಯಾರ್ಥಿ ಜೊನಾಥನ್ ಡೇನಿಯಲ್ಸ್, ಶಿಕಾಗೋದ ಕಥೋಲಿಕ ಯಾಜಕ ರಿಚರ್ಡ್ ಮೋರಿಸ್‌ರೋ ಇದ್ದರು. 20ರಂದು ಹಠಾತ್ತನೆ ಬಿಡುಗಡೆ ಮಾಡಿದರು. ಊರಿಗೆ ಮರಳಲು ವಾಹನವಿಲ್ಲ. ತಂಪು ಪಾನೀಯ ಕೊಳ್ಳಲು ಅಂಗಡಿಗೆ ಹೋದಾಗ ಬಂದೂಕು ಹಿಡಿದ ಒಬ್ಬ ಎದುರು ನಿಂತ. ಹದಿನೇಳರ ಬಾಲಕಿ ರೂಬಿ ಸೇಲ್ಸ್‌ಳನ್ನು ಪಕ್ಕಕ್ಕೆ ತಳ್ಳಿ ಡೇನಿಯಲ್ಸ್ ತಾನು ಗುಂಡಿಗೆ ಬಲಿಯಾದ. ಓಡುತ್ತಿದ್ದ ಮೋರಿಸ್‌ರೋ ಅವರ ಬೆನ್ನಿಗೆ ಗುಂಡು ಹೊಕ್ಕಿತು, ಅವರು ಬದುಕಿ ಉಳಿದರು. ಗುಂಡು ಹಾರಿಸಿದವನು ಶೆರಿಫ್‌ನ ವಿಶೇಷ ಸಹಾಯಕನಾಗಿದ್ದವನು. ಡೇನಿಯಲ್ಸ್‌ನ ಹತ್ಯೆಯ ವಿಚಾರಣೆ ನಡೆಸಿದ ಜ್ಯೂರಿಯ ಹನ್ನೆರಡೂ ಮಂದಿ ಬಿಳಿಯ ಗಂಡಸರು. ಅವನು ನಿರ್ದೋಷಿಯಾಗಿ ಮನೆಗೆ ಹೋದ. ಸೆರೆಮನೆ, ಬಂದೂಕು, ನ್ಯಾಯಾಲಯ ಎಲ್ಲವೂ ಒಂದೇ ಚೌಕದ ಸುತ್ತ, ಎಲ್ಲವೂ ಸ್ಥಳೀಯ.

ಅದೇ ಆಗಸ್ಟಿನಲ್ಲಿ ಮತದಾನದ ಹಕ್ಕಿನ ಕಾಯಿದೆ ಜಾರಿಗೆ ಬಂದು ಕೇಂದ್ರದ ಅಧಿಕಾರಿಗಳು ಹೆಸರು ನೋಂದಾಯಿಸತೊಡಗಿದ್ದರು. ಹೆಸರು ಬರೆಸಿದ ಗೇಣಿದಾರರನ್ನು ಜಮೀನಿನಿಂದ ಹೊರಹಾಕಲಾಯಿತು. ಅವರು ಹೆದ್ದಾರಿಯ ಬದಿಯಲ್ಲಿ ಡೇರೆ ಹಾಕಿ ಬದುಕಿದರು. ಶೆರಿಫ್ ಮೊದಲಾದ ಸ್ಥಾನಗಳಿಗೆ ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿಯಾಗಲು ತೆರಬೇಕಿದ್ದ ಶುಲ್ಕ 50 ಡಾಲರಿನಿಂದ 500ಕ್ಕೆ ಏರಿತು. ಆಗ ಜಾನ್ ಹ್ಯೂಲೆಟ್ ಮುಂತಾದವರು ತಮ್ಮದೇ ಪಕ್ಷ ಕಟ್ಟಿದರು. ಓದು ಬಾರದ ಮತದಾರರಿಗಾಗಿ ಅಲಬಾಮದಲ್ಲಿ ಪಕ್ಷಗಳಿಗೆ ಚಿಹ್ನೆ ಇರುತ್ತಿತ್ತು, ನಮ್ಮಲ್ಲಿ 1951–52ರ ಮೊದಲ ಮಹಾಚುನಾವಣೆಯಿಂದ ಇರುವಂತೆ. ಡೆಮಾಕ್ರಟರದು ಬಿಳಿಯ ಹುಂಜ, ಇವರದು ಕಪ್ಪು ಚಿರತೆ.

ನಾನು ತೋಕ್ವಿಲ್‌ನ ಪಕ್ಕದಲ್ಲಿ ಇಟ್ಟು ಓದಬಯಸುವ ಎರಡನೆಯ ಗ್ರಂಥ ಹುಟ್ಟಿದ್ದು ಇಲ್ಲಿ. ಗ್ರಂಥವೆನ್ನುವುದು ಹೆಚ್ಚಾದೀತು, ಅವು ಚಿತ್ರಗಳಿದ್ದ ಸಣ್ಣ ಕಿರುಹೊತ್ತಿಗೆಗಳು. ವಿದ್ಯಾರ್ಥಿ ಚಳವಳಿಯ ತರುಣರು ಅವನ್ನು ಹೊಲಗೆಲಸದವರಿಗಾಗಿ ಸಿದ್ಧಪಡಿಸಿದರು. ಶೆರಿಫ್‌ನ ಕೆಲಸವೇನು, ತೆರಿಗೆ ನಿರ್ಧರಿಸುವವನು ಏನು ಮಾಡಬೇಕು, ಕರೋನರ್ ಯಾರು ಎಂಬುದನ್ನೆಲ್ಲ ಸರಳ ಮಾತಿನಲ್ಲಿ ಹೇಳಿದರು. ತಲೆಮಾರುಗಳಿಂದ ಶೆರಿಫ್ ಎಂದರೆ ಭಯ ಎಂದಷ್ಟೇ ತಿಳಿದಿದ್ದವರಿಗೆ ಅದೊಂದು ಹುದ್ದೆ, ಅದಕ್ಕೆ ಕರ್ತವ್ಯಗಳಿವೆ, ಅದನ್ನು ನಿಮ್ಮವನೂ ಹಿಡಿಯಬಹುದು ಎಂದು ತಿಳಿಸುವುದು ಸಣ್ಣ ಕೆಲಸವಲ್ಲ. ತೋಕ್ವಿಲ್‌ನದು ಮತಗಟ್ಟೆಯನ್ನು ಹೊರಗಿನಿಂದ ಬಂದು ನೋಡಿದವನ ಪುಸ್ತಕ. ಇವು ಹೊರಗೆ ನಿಲ್ಲಿಸಲ್ಪಟ್ಟವರಿಗಾಗಿ ಬರೆದವು. ಶೈಲಿಯಲ್ಲಿ ಹೋಲಿಕೆಯೇ ಇಲ್ಲ. ಆದರೆ ಕೌಂಟಿ ಎಂದರೇನು ಎಂಬುದು ನನಗೆ ಹೆಚ್ಚು ಅರ್ಥವಾದದ್ದು ಎರಡನೆಯದರಿಂದ.

1966ರ ಮೇ 3ರಂದು ಹೇನ್‌ವಿಲ್ ಬಳಿಯ ಚರ್ಚಿನಲ್ಲಿ ಸುಮಾರು ಒಂಬೈನೂರು ಮಂದಿ ಸೇರಿ ಅಭ್ಯರ್ಥಿಗಳನ್ನು ಆರಿಸಿದರು. ನವೆಂಬರಿನಲ್ಲಿ ಏಳು ಸ್ಥಾನಗಳಿಗೆ ನಿಂತ ಏಳು ಮಂದಿಯೂ ಸೋತರು. ನೆರೆಯ ಡಲ್ಲಾಸ್ ಕೌಂಟಿಯಲ್ಲಿ, ಸೆಲ್ಮಾ ಪಟ್ಟಣದ ಮೆರವಣಿಗೆಗಾರರನ್ನು ಬಡಿಸಿದ್ದ ಶೆರಿಫ್ ಜಿಮ್ ಕ್ಲಾರ್ಕ್ ಮಾತ್ರ ಅದೇ ವರ್ಷ ಹೊಸ ಮತದಾರರ ಕೈಯಲ್ಲಿ ಸೋತ. ಲೌಂಡ್ಸ್ ಇನ್ನೂ ಕಾಯಬೇಕಾಯಿತು. 1970ರಲ್ಲಿ ಹ್ಯೂಲೆಟ್ ಶೆರಿಫ್ ಆಗಿ ಆಯ್ಕೆಯಾದರು, ಇಪ್ಪತ್ತೆರಡು ವರ್ಷ ಆ ಹುದ್ದೆಯಲ್ಲಿದ್ದರು.

ಇದರಿಂದ ಎಲ್ಲವೂ ನೇರವಾಯಿತೆಂದು ತಿಳಿಯಬಾರದು. ಲೌಂಡ್ಸ್ ಇಂದಿಗೂ ಬಡ ಕೌಂಟಿ. ಮನೆಯ ಕೊಳಚೆ ನೀರು ಹಿತ್ತಿಲಲ್ಲೇ ನಿಲ್ಲುವ ದುಃಸ್ಥಿತಿ ಅಲ್ಲಿ ಎಷ್ಟು ವ್ಯಾಪಕವಾಗಿತ್ತೆಂದರೆ, ಅದರ ಪರಿಹಾರಕ್ಕೆಂದು 2023ರಲ್ಲಿ ಕೇಂದ್ರ ನ್ಯಾಯ ಇಲಾಖೆ ರಾಜ್ಯದೊಡನೆ ಒಪ್ಪಂದ ಮಾಡಿಕೊಳ್ಳಬೇಕಾಯಿತು. 2025ರಲ್ಲಿ ಇಲಾಖೆ ಆ ಒಪ್ಪಂದವನ್ನೂ ಕೈಬಿಟ್ಟಿತು. ಶೆರಿಫ್‌ನನ್ನು ಆರಿಸಬಹುದು, ಚರಂಡಿಯ ಹಣ ಬೇರೆಲ್ಲೋ ಇರುತ್ತದೆ.

ಪ್ರಿಯ ಓದುಗರೇ, ಆ ಅಡಿಟಿಪ್ಪಣಿಯನ್ನು ನಾನು ನಿಜವಾಗಿ ಓದಿದ್ದು ಗುರುಮಠದಲ್ಲಲ್ಲ. ಕಾಫಿ ತೋಟಗಳ ನಡುವಿನ ಒಂದು ಧರ್ಮಕೇಂದ್ರದಲ್ಲಿದ್ದಾಗ, 2015ರ ಗ್ರಾಮ ಪಂಚಾಯಿತಿ ಚುನಾವಣೆಯ ಹಿಂದಿನ ಭಾನುವಾರ, ಮತ ಹಾಕದಿರುವುದು ಕರ್ತವ್ಯಲೋಪವೆಂದು ಪ್ರಬೋಧನೆಯಲ್ಲಿ ಗಟ್ಟಿಯಾಗಿ ಹೇಳಿದ್ದೆ. ಮುಂದಿನ ವಾರ ತೋಟದ ಕೆಲಸದ ಒಬ್ಬ ತಾಯಿಯ ಬೆರಳಲ್ಲಿ ಶಾಯಿ ಇರಲಿಲ್ಲ. ಏಕಮ್ಮ ಎಂದೆ.

"ಯಾರೂ ಹೋಗ್ಬೇಡ ಅನ್ಲಿಲ್ಲ ಫಾದರ್. ನಾವೇ ಹೋಗ್ಲಿಲ್ಲ" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಅವತ್ತೇ ಗೊಬ್ಬರ ಹಾಕೋಕೆ ಬನ್ನಿ ಅಂತ ಹೇಳಿದ್ರು. ಬರದಿದ್ರೆ ನಾಳೆಯಿಂದ ಬರ್ಬೇಡಿ ಅಂತ ಹೇಳ್ಲಿಲ್ಲ, ಆದ್ರೆ ಗೊತ್ತಲ್ಲ" ಎಂದರು.

ಪೆನ್ಸಿಲ್ವೇನಿಯದ ಆ ಗೃಹಸ್ಥನ ಉತ್ತರ ನನಗೆ ಆ ಹೊತ್ತಿಗೆ ನೆನಪಾಗಲಿಲ್ಲ. ರಾತ್ರಿ ಪುಸ್ತಕ ತೆಗೆದು ಹುಡುಕಿದೆ. 2020ರ ಡಿಸೆಂಬರಿನಲ್ಲಿ ಮತ್ತೆ ಪಂಚಾಯಿತಿ ಚುನಾವಣೆ ಬಂತು. ಕಾಫಿ ಕುಯ್ಲಿನ ಕಾಲ, ಒಂದು ದಿನದ ಕೆಲಸ ಬಿಡುವುದೂ ಕಷ್ಟವೇ. ಈ ಸಲ ಪ್ರಬೋಧನೆಯಲ್ಲಿ ಮತದಾನದ ಮಾತೆತ್ತಲಿಲ್ಲ. ತೋಟದ ಮಾಲೀಕರಲ್ಲಿ ಇಬ್ಬರು ನಮ್ಮ ಧರ್ಮಕೇಂದ್ರದವರೇ ಆಗಿದ್ದರು, ಅವರ ಮನೆಗಳಿಗೆ ಹೋದೆ. ಒಬ್ಬರು ಕೆಲಸದವರಿಗೆ ಸಂಬಳ ಸಹಿತ ರಜೆ ಕೊಟ್ಟರು. ಇನ್ನೊಬ್ಬರು ನನಗೆ ಕಾಫಿ ಕೊಟ್ಟರು.