ಜಲಸಾಘರ್: ಕಾಲ ಮುಗಿದ ಮೇಲೂ ಉಳಿದ ಯಜಮಾನ

ಕಥಕ್ ಮುಗಿದಿದೆ. ನರ್ತಕಿಗೆ ಇನಾಮು ಕೊಡಲು ಬಡ್ಡಿ ಸಾಹುಕಾರನ ಮಗ ಮಹಿಮ್ ಗಂಗೂಲಿ ಮುಂದಾಗುತ್ತಾನೆ. ಜಮೀನ್ದಾರ ಬಿಶ್ವಂಭರ ರಾಯ್ ಕೈಕೋಲಿನ ಕೊಕ್ಕೆಯಲ್ಲಿ ಅವನ ಕೈಯನ್ನು ತಡೆಯುತ್ತಾನೆ. ಮೊದಲ ಇನಾಮು ಮನೆಯ ಯಜಮಾನನ ಹಕ್ಕು. ಆಮೇಲೆ ಅವನು ಕೊಡುವ ಚೀಲದಲ್ಲಿರುವುದು ಮನೆಯಲ್ಲಿ ಉಳಿದ ಕಡೆಯ ಹಣ. ಸತ್ಯಜಿತ್ ರೇ ಅವರ ‘ಜಲಸಾಘರ್’ (ಸಂಗೀತದ ಕೋಣೆ, 1958) ನೋಡುವಾಗ ಇಲ್ಲಿ ಸಿಟ್ಟು ಬರಬೇಕು, ಬರುವುದಿಲ್ಲ. ಆ ಠೀವಿಗೆ ನಾವೇ ತಲೆದೂಗುತ್ತೇವೆ.

ತಾರಾಶಂಕರ ಬಂದ್ಯೋಪಾಧ್ಯಾಯರ ಕಥೆಯನ್ನು ಆಧರಿಸಿದ ಈ ಚಿತ್ರ ಬಂದಾಗ, ಪಶ್ಚಿಮ ಬಂಗಾಳದಲ್ಲಿ ಜಮೀನ್ದಾರಿ ರದ್ದತಿಯ ಕಾನೂನಿಗೆ ಐದೇ ವರ್ಷ. ಹಾಗಿದ್ದೂ ರೇ ತೀರ್ಪಿಗೆ ಆತುರಪಡಲಿಲ್ಲ. ಹಾಗೆಂದು ತಪ್ಪನ್ನು ಮುಚ್ಚಿಡಲೂ ಇಲ್ಲ. ಮಗನ ಉಪನಯನದ ಕಛೇರಿಗೆ ಹೆಂಡತಿಯ ಒಡವೆ ಅಡವಿಡುತ್ತಾನೆ ಬಿಶ್ವಂಭರ. ಇನ್ನೊಂದು ಕಛೇರಿಯ ಹಟಕ್ಕೆ ತವರಿನಿಂದ ಹೆಂಡತಿಯನ್ನೂ ಮಗನನ್ನೂ ಕರೆಸುತ್ತಾನೆ, ಅವರು ದಾರಿಯಲ್ಲೇ ನದಿಪಾಲಾಗುತ್ತಾರೆ. ಹೊರಗೆ ಬಿರುಗಾಳಿ, ಒಳಗೆ ಖಯಾಲ್. ಅವನ ಕಣ್ಣು ಬೀಳುವುದು ಕೈಯಲ್ಲಿದ್ದ ಪಾನೀಯದಲ್ಲಿ ಒದ್ದಾಡುವ ಹುಳುವಿನ ಮೇಲೆ. ಬಿಶ್ವಂಭರನ ಪಾತ್ರದಲ್ಲಿರುವ ಛಬಿ ಬಿಸ್ವಾಸ್ ಅವರ ಮುಖ ಆಗ ಬದಲಾಗುವ ಪರಿಯನ್ನು ನೋಡಿಯೇ ತಿಳಿಯಬೇಕು. ಸಂಗೀತಕ್ಕೆ ಸೋತ ಕಿವಿ, ಮನೆತನದ ಜಂಬ ಎರಡನ್ನೂ ಅವರು ಒಂದೇ ಉಸಿರಿನಲ್ಲಿ ನಟಿಸಿದ್ದಾರೆ. ಒಂದನ್ನು ಮೆಚ್ಚಿ ಇನ್ನೊಂದನ್ನು ಬಿಡಲು ನಮಗೆ ಬಿಡುವುದಿಲ್ಲ.

ನನ್ನ ತಕರಾರು ಮಹಿಮನ ವಿಷಯದಲ್ಲಿ. ಮೋಟಾರು, ವಿದ್ಯುತ್ ದೀಪ ಎಲ್ಲವೂ ಅವನಿಗಿದೆ. ಕಿವಿ ಮಾತ್ರ ಇಲ್ಲ. ಅವನನ್ನು ಬರೀ ಒರಟನನ್ನಾಗಿ ಮಾಡಿದ್ದರಿಂದ ಹಳೆಯವನ ಪಕ್ಷಕ್ಕೆ ವಾಲುವುದು ಪ್ರೇಕ್ಷಕನಿಗೆ ತೀರಾ ಸಲೀಸಾಯಿತು. ಜಮೀನ್ದಾರರು ಸಂಗೀತವನ್ನು ಸಾಕಿದ್ದು ನಿಜ: ಚಿತ್ರಕ್ಕೆ ಸಂಗೀತ ನೀಡಿದ ವಿಲಾಯತ್ ಖಾನರ ತಂದೆ ಇನಾಯತ್ ಖಾನರು ಗೌರೀಪುರದ ಜಮೀನ್ದಾರರ ಆಶ್ರಯದಲ್ಲಿದ್ದವರು. ಆದರೆ ಇದೇ ಚಿತ್ರದಲ್ಲಿ ಹಾಡಿರುವ ಬೇಗಂ ಅಖ್ತರ್ ಮನೆಮನೆ ತಲುಪಿದ್ದು ಗ್ರಾಮಫೋನು, ರೇಡಿಯೋಗಳಿಂದ. ನಮ್ಮ ಗಾಯಕ ಮಲ್ಲಿಕಾರ್ಜುನ ಮನಸೂರರು ಧಾರವಾಡ ಆಕಾಶವಾಣಿಯಲ್ಲಿ ಸಂಗೀತ ಸಲಹೆಗಾರರಾಗಿದ್ದರು. ಜಲಸಾಘರಗಳು ಬಾಗಿಲು ಹಾಕಿದ ಮೇಲೆ ಹಿಂದುಸ್ತಾನಿ ಸಂಗೀತವನ್ನು ಸಾಕಿದವರಲ್ಲಿ ಟಿಕೆಟ್ ಕೊಂಡು ಬಂದ ಹೊಸ ಕೇಳುಗರೂ ಇದ್ದರು. ಅವರಲ್ಲಿ ಮಹಿಮನಂಥವರ ಮಕ್ಕಳೂ ಇದ್ದಿರಬೇಕು. ಅಂಥ ಒಬ್ಬನಿಗೆ ಆ ಕೋಣೆಯ ಮೂಲೆಯಲ್ಲಿ ರೇ ಜಾಗ ಕೊಟ್ಟಿದ್ದರೆ ಬಿಶ್ವಂಭರನ ಸೋಲು ಇನ್ನೂ ಕಠಿಣವಾಗುತ್ತಿತ್ತು: ತಾನಿಲ್ಲದೆಯೂ ಸಂಗೀತ ನಡೆಯುತ್ತದೆ ಎಂಬುದನ್ನು ಅವನು ಕಣ್ಣಾರೆ ಕಾಣಬೇಕಾಗುತ್ತಿತ್ತು.