ಪಾನಾದ ಸಣ್ಣ ಬಡಿತ

ಬೀದರ್, ಭಾಲ್ಕಿ, ಔರಾದ್ ಕಡೆ ಗ್ಯಾರೇಜುಗಳಲ್ಲಿ ನಾನು ಮನಸಾರೆ ಮೆಚ್ಚುವುದು ಅವಸರವಿಲ್ಲದ ಮಿಸ್ತ್ರಿಯನ್ನು. ಉದಾಹರಣೆಗೆ, ಪೆಟ್ರೋಲ್ ಕಾರಿಗೆ ಏರಿನಲ್ಲಿ ಪಿಕಪ್ ಇಲ್ಲ, ಮೈಲೇಜೂ ಇಳಿದಿದೆ. ಸ್ಕ್ಯಾನರ್ ಪಿ0325 ಎಂದು ತೋರಿಸುತ್ತದೆ. ಹಾಗೆಂದು ಇಂಜಿನ್ನಿನ ಬಡಿತವನ್ನು ಗುರುತಿಸುವ ನಾಕ್ ಸೆನ್ಸರೇ ಕೆಟ್ಟಿದೆ ಎಂದಲ್ಲ. ಆ ಕೋಡ್ ಹೇಳುವುದು ಸರ್ಕ್ಯೂಟಿನಲ್ಲಿ ದೋಷವಿದೆ ಎಂದಷ್ಟೆ. ಇಲಿ ಕಡಿದ ವೈರೋ, ತುಕ್ಕು ಹಿಡಿದ ಕನೆಕ್ಟರೋ ಇರಬಹುದು.

ಬಿದ್ರಿ ಕುಶಲಕರ್ಮಿ ಬೀದರ್ ಕೋಟೆಯ ಮಣ್ಣನ್ನು ನಾಲಿಗೆಗಿಟ್ಟು ಪರೀಕ್ಷಿಸುವಂತೆ ಮಿಸ್ತ್ರಿ ಸೆನ್ಸರನ್ನು ಪರೀಕ್ಷಿಸುತ್ತಾನೆ. ಮಲ್ಟಿಮೀಟರನ್ನು ಎಸಿ ವೋಲ್ಟಿಗೆ ತಿರುಗಿಸಿ, ಸೆನ್ಸರಿನ ಪಕ್ಕದ ಇಂಜಿನ್ ಬ್ಲಾಕಿಗೆ ಪಾನಾದಿಂದ ಮೆಲ್ಲಗೆ ಬಡಿಯುತ್ತಾನೆ. ಒಳಗಿನ ಪೀಜೋ ಹರಳು ಅದುರಿದರೆ ಮೀಟರಿನ ಅಂಕಿ ಜಿಗಿಯಬೇಕು. ಒತ್ತಿದರೆ ವಿದ್ಯುತ್ ಕೊಡುವ ಹರಳಿನ ಈ ಗುಣವನ್ನು ಕ್ಯೂರಿ ಸಹೋದರರು ಕಂಡದ್ದು 1880ರಲ್ಲಿ. ಇಂದು ಅದು ಇಂಜಿನ್ನಿನ ಕಿವಿ. ಆ ಕಿವಿ ಕೆಟ್ಟರೆ ಇಂಜಿನ್ ನಿಯಂತ್ರಿಸುವ ಇಸಿಯು ಇಂಜಿನ್ ಉಳಿಸಲೆಂದು ಕಿಡಿಯನ್ನು ತಡಮಾಡುತ್ತದೆ, ಅದಕ್ಕೇ ಪಿಕಪ್ ಹೋಗುವುದು.

ಸೆನ್ಸರೇ ಕೆಟ್ಟಿದ್ದರೆ ಹೊಸದನ್ನು ಕೂರಿಸುವಾಗಲೂ ಕೈಹದ ಬೇಕು. ಬಹಳಷ್ಟು ಕಾರುಗಳಲ್ಲಿ ಬೋಲ್ಟಿನ ಬಿಗಿ ಸುಮಾರು 20 ನ್ಯೂಟನ್ ಮೀಟರ್. ಸಡಿಲಾದರೂ ಅತಿಯಾದರೂ ಸೆನ್ಸರ್ ತಪ್ಪು ಕೇಳುತ್ತದೆ. ಟಾರ್ಕ್ ಪಾನಾ ಇಟ್ಟುಕೊಂಡ ಮಿಸ್ತ್ರಿಯ ಬಳಿಗೇ ನನ್ನ ಗಾಡಿ ಹೋಗುತ್ತದೆ.